ಕೆಂಪು ಶಾಯಿ ಯಾವ ತಪ್ಪಿಗೆ?

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಮರಾಠಿ ಶಾಲೆಯನ್ನು ದಾಟಿ ಬಂದು ಐಚ್ಛಿಕ ಕನ್ನಡವನ್ನು ಆಯ್ದುಕೊಂಡ ವಿದ್ಯಾರ್ಥಿಗೆ ‘ಪ್ರಬಂಧ’ ಎಂಬ ಶಬ್ದವೇ ಮೊದಲ ತೊಡಕು. ಶಾಲೆಯಲ್ಲಿ ಅವನು ಬರೆದದ್ದು ‘ನಿಬಂಧ’. ಮರಾಠಿಯಲ್ಲಿ ‘ಪ್ರಬಂಧ’ವೆಂದರೆ ಸಂಶೋಧಕರು ಪದವಿಗಾಗಿ ಒಪ್ಪಿಸುವ ಗ್ರಂಥ, ಕನ್ನಡದಲ್ಲಿ ಅದು ‘ಮಹಾಪ್ರಬಂಧ’, ನಾಲ್ಕು ಪುಟದ ಬರವಣಿಗೆ ‘ಪ್ರಬಂಧ’. ಇಂಥ ಜೋಡಿ ಶಬ್ದಗಳು ಉತ್ತರಪತ್ರಿಕೆಗಳ ತುಂಬ ಹರಡಿಕೊಂಡಿರುತ್ತವೆ. “ಈ ವಚನದಿಂದ ವಚನಕಾರನ ನಿಲುವನ್ನು ಅನುಮಾನಿಸಬಹುದು” ಎಂದು ಬರೆದ ವಿದ್ಯಾರ್ಥಿ ವಚನಕಾರನನ್ನು ಗೌರವಿಸಿಯೇ ಬರೆದಿರುತ್ತಾನೆ. ಮರಾಠಿಯಲ್ಲಿ ‘ಅನುಮಾನ’ವೆಂದರೆ ಆಧಾರಗಳಿಂದ ತೀರ್ಮಾನಕ್ಕೆ ಬರುವುದು, ನಿತ್ಯದ ಕನ್ನಡದಲ್ಲಿ ಅದು ಸಂದೇಹ. ತರ್ಕಶಾಸ್ತ್ರದ ಕನ್ನಡದಲ್ಲಿ ಹಳೆಯ ಅರ್ಥವೇ ಉಳಿದಿರುವುದರಿಂದ ಅವನು ಪೂರ್ತಿ ತಪ್ಪಿದವನೆಂದು ಹೇಳುವುದೂ ಕಷ್ಟ. ಆದರೂ ಕೆಂಪು ಗೆರೆ ಬೀಳುತ್ತದೆ.

ಕಾಗುಣಿತದ ತಪ್ಪುಗಳಿಗೂ ಹೀಗೆಯೇ ಒಂದು ಮೂಲವಿದೆ. ಮರಾಠಿಯನ್ನು ಬರೆಯುವ ದೇವನಾಗರಿಯಲ್ಲಿ ಎಕಾರ–ಏಕಾರಗಳಿಗೆ, ಒಕಾರ–ಓಕಾರಗಳಿಗೆ ಬೇರೆ ಬೇರೆ ಗುರುತುಗಳಿಲ್ಲ. ಕನ್ನಡದಲ್ಲಿ ಆ ಭೇದದ ಮೇಲೆ ಅರ್ಥವೇ ನಿಂತಿದೆ: ಬೆಳೆ–ಬೇಳೆ, ಕೊಡು–ಕೋಡು. ರೈತನ ಬದುಕನ್ನು ಕುರಿತ ಪ್ರಬಂಧದಲ್ಲಿ “ಮಳೆಯಿಲ್ಲದೆ ಬೇಳೆ ಬರಲಿಲ್ಲ” ಎಂಬ ವಾಕ್ಯ ಕಂಡರೆ ಓದುವವರಿಗೆ ನಗು ಬಂದೀತು. ಆದರೆ ಅದೇ ವಿದ್ಯಾರ್ಥಿ ಮನೆಯಲ್ಲಿ ಮಾತನಾಡುವಾಗ ಎರಡನ್ನೂ ಎಂದೂ ಬೆರೆಸುವುದಿಲ್ಲ. ಅವನ ಕಿವಿಗೆ ಗೊತ್ತಿರುವ ಭೇದವು ಕೈಗೆ ಇನ್ನೂ ಬಂದಿಲ್ಲ, ಅಷ್ಟೆ. ಇಂಥ ಪತ್ರಿಕೆಯಲ್ಲಿ ಮೂವತ್ತು ಕಡೆ ಸುತ್ತು ಹಾಕಿದರೂ ಅವು ಮೂವತ್ತು ತಪ್ಪುಗಳಲ್ಲ, ಕಲಿಯದೆ ಉಳಿದ ಒಂದು ಪಾಠ. ಸುತ್ತುಗಳನ್ನು ಎಣಿಸಿ ಅಂಕ ಕಳೆಯುವ ಪರೀಕ್ಷಕರು ಒಂದೇ ತಪ್ಪಿಗೆ ಮೂವತ್ತು ಸಲ ದಂಡ ಹಾಕಿದಂತಾಗುತ್ತದೆ.

‘ಹೇಳ್ಯಾರ’, ‘ಬಂದಾನ’ ಎಂಬ ರೂಪಗಳ ಪ್ರಶ್ನೆ ಬೇರೆ. ಪರೀಕ್ಷೆಯ ಪ್ರಬಂಧವು ಗ್ರಂಥಸ್ಥ ಕನ್ನಡವನ್ನು ಬೇಡುತ್ತದೆ. ಅಲ್ಲಿ ‘ಹೇಳಿದ್ದಾರೆ’, ‘ಬಂದಿದ್ದಾನೆ’ ಎಂದೇ ಬರೆಯಬೇಕು. ಆದರೆ ಆಡುಮಾತನ್ನು ‘ಅಶುದ್ಧ’ವೆಂದು ಅಂಚಿನಲ್ಲಿ ಬರೆಯುವುದು ಅನ್ಯಾಯ. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿಯೇ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ಕಾವ್ಯದ ಜೀವಾಳವೇ ಧಾರವಾಡದ ಆಡುನುಡಿ. ಅವರ ಕವಿತೆಯಲ್ಲಿ ಮೆಚ್ಚಿದ ನುಡಿಯನ್ನು ವಿದ್ಯಾರ್ಥಿಯ ಬಾಯಲ್ಲಿ ಅಶುದ್ಧವೆನ್ನುವುದು ಹೇಗೆ? ‘ಇದು ಮಾತಿನ ರೂಪ, ಇಲ್ಲಿ ಬರಹದ ರೂಪ ಬೇಕು’ ಎಂದು ಬರೆಯಲು ನಾಲ್ಕು ಶಬ್ದ ಹೆಚ್ಚು ಬೇಕಾದೀತು. ಮನೆಯ ನುಡಿಯನ್ನೇ ಕೀಳೆಂದು ಓದಿಕೊಂಡ ಹುಡುಗಿ ಮುಂದಿನ ವರ್ಷ ಐಚ್ಛಿಕ ವಿಷಯವನ್ನು ಬದಲಿಸಿದರೆ ಹೋಗುವುದು ಅಂಕವಷ್ಟೇ ಅಲ್ಲ.

ಇವೆಲ್ಲವೂ ಶ್ರಮದ ಮಾತು, ಬೇಸರದ ಮಾತಲ್ಲ. ಅಧ್ಯಾಪಕರ ನಿಜವಾದ ಹತಾಶೆ ತಪ್ಪೇ ಇಲ್ಲದ ಪತ್ರಿಕೆಗಳಲ್ಲಿದೆ. ಸಾಲಾಗಿ ಹತ್ತು ಪತ್ರಿಕೆಗಳು ಸಾಹಿತ್ಯವೂ ಜೀವನವೂ ಒಂದೇ ನಾಣ್ಯದ ಎರಡು ಮುಖಗಳೆಂದು ಆರಂಭವಾಗುತ್ತವೆ. ಹತ್ತರಲ್ಲಿಯೂ ಗೈಡಿನ ಅದೇ ಐದು ಅಂಶಗಳು, ಅದೇ ಕ್ರಮ. ತಿದ್ದಲು ಏನೂ ಇಲ್ಲ, ಓದಲೂ ಏನೂ ಇಲ್ಲ. ಪಠ್ಯವನ್ನು ತಾನೇ ಓದಿ, ತೊದಲುತ್ತ ತನ್ನ ಮಾತನ್ನು ಹೇಳಿದ ವಿದ್ಯಾರ್ಥಿಗೆ ನಲವತ್ತು, ಕಂಠಪಾಠಕ್ಕೆ ಅರವತ್ತು ಬಿದ್ದರೆ ಮುಂದಿನ ಸಲ ಅವನೂ ಗೈಡನ್ನೇ ಕೊಳ್ಳುತ್ತಾನೆ. ಹಾಗಾದರೆ ಪರೀಕ್ಷಕರೇ ಆ ಬೇಸರವನ್ನು ಬಿತ್ತಿದವರಾಗುತ್ತಾರೆ.

ಅಂಕವೆಂಬುದು ಅಳತೆಗೋಲಿನಷ್ಟು ಸ್ಥಿರವಲ್ಲವೆಂಬುದು ಬಹಳ ಹಿಂದೆಯೇ ಗೊತ್ತಾದ ಸಂಗತಿ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಇಂಗ್ಲಿಷ್ ವಿಷಯದ ಉತ್ತರಪತ್ರಿಕೆಗಳ ಪ್ರತಿಗಳನ್ನು ಅನೇಕ ಶಾಲೆಗಳಿಗೆ ಕಳಿಸಿದರು. ನೂರಕ್ಕೂ ಹೆಚ್ಚು ಅಧ್ಯಾಪಕರು ಒಂದೇ ಪತ್ರಿಕೆಗೆ ಕೊಟ್ಟ ಅಂಕಗಳು 64ರಿಂದ 98ರವರೆಗೆ ಚದುರಿದ್ದವು. ಭಾಷೆಯ ವಿಷಯವಾದ್ದರಿಂದ ಹೀಗಾಯಿತೆಂದು ಹೇಳುವಂತಿರಲಿಲ್ಲ. ಮರುವರ್ಷ ರೇಖಾಗಣಿತದಲ್ಲಿ ಅಂತರ ಇನ್ನೂ ಹೆಚ್ಚಾಯಿತು. 1935ರಲ್ಲಿ ಇಂಗ್ಲೆಂಡಿನ ಹಾರ್ಟಾಗ್ ಮತ್ತು ರೋಡ್ಸ್ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಇತಿಹಾಸದ 15 ಪತ್ರಿಕೆಗಳನ್ನು 14 ಪರೀಕ್ಷಕರು ಒಮ್ಮೆ ನೋಡಿ, ವರ್ಷಕ್ಕೂ ಮೇಲಾದ ಬಳಿಕ ಮತ್ತೆ ನೋಡಿದರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಇಲ್ಲಿ ಜಗಳ ಇಬ್ಬರು ಪರೀಕ್ಷಕರ ನಡುವೆ ಇರಲಿಲ್ಲ. ಒಬ್ಬರೇ ತಮ್ಮ ಹಳೆಯ ತೀರ್ಪಿಗೆ ಒಪ್ಪಲಿಲ್ಲ.

ಕಾರಣಗಳು ಸಾಮಾನ್ಯವೇ. ದುಂಡು ಅಕ್ಷರ ಮನಸ್ಸನ್ನು ಮೃದುಮಾಡುತ್ತದೆ. ಉತ್ತಮ ಪತ್ರಿಕೆಯ ಹಿಂದೆಯೇ ಬಂದ ಸಾಧಾರಣ ಪತ್ರಿಕೆ ಇನ್ನಷ್ಟು ಬಡವಾಗಿ ಕಾಣುತ್ತದೆ. ಸಂಜೆಯ ಐವತ್ತನೆಯ ಪತ್ರಿಕೆಗೆ ಮುಂಜಾನೆಯ ಐದನೆಯದಕ್ಕೆ ಸಿಕ್ಕ ತಾಳ್ಮೆ ಸಿಗುವುದಿಲ್ಲ. ಒಬ್ಬರ ಎಲ್ಲ ಉತ್ತರಗಳನ್ನೂ ಒಟ್ಟಿಗೆ ನೋಡುವ ಬದಲು ಎಲ್ಲರ ಒಂದೊಂದೇ ಉತ್ತರವನ್ನು ನೋಡುತ್ತ ಹೋದರೆ, ವಿಚಾರಕ್ಕೂ ಭಾಷೆಗೂ ಬೇರೆ ಬೇರೆ ಅಂಕವಿಟ್ಟರೆ, ಮುಗಿದ ಮೇಲೆ ಮೊದಲ ಐದನ್ನು ಇನ್ನೊಮ್ಮೆ ತೆರೆದರೆ ಈ ಏರಿಳಿತ ತಕ್ಕಮಟ್ಟಿಗೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ವಿದ್ಯಾರ್ಥಿಯ ಪಾಲಿನದೂ ಒಂದಿದೆ. ಕಿರುಪರೀಕ್ಷೆಯ ಪತ್ರಿಕೆ ಕೈಗೆ ಬಂದಾಗ ಹೆಚ್ಚಿನವರು ಮೇಲಿನ ಅಂಕ ನೋಡಿ ಮಡಿಸಿಡುತ್ತಾರೆ. ಅಂಚಿನ ಬರಹ ಓದದೆ ಉಳಿಯುತ್ತದೆ. ಗುರುತು ಹಾಕಿದ ಒಂದೇ ಒಂದು ಪರಿಚ್ಛೇದವನ್ನು ಮತ್ತೆ ಬರೆದು ವಿಭಾಗಕ್ಕೆ ತಂದವರ ಪತ್ರಿಕೆಯನ್ನು ಅಧ್ಯಾಪಕರು ಅವರೆದುರಿಗೇ ಓದಬಹುದು. ಬೆಳೆ ಯಾವುದು, ಬೇಳೆ ಯಾವುದು ಎಂಬುದು ಆಗ ಐದು ನಿಮಿಷದ ಮಾತು.