ಪ್ಲೈವುಡ್ ತರೋಕೆ ಮುಂಚೆ ಟೇಪ್ ಹಿಡೀರಿ: ಮನೆ, ಅಂಗಡಿ ಇಂಟೀರಿಯರ್‌ನ ಮೊದಲ ಪಾಠ

ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಯಾವ ಕ್ರಾಸಿಗೆ ಹೋದರೂ ಒಂದಲ್ಲ ಒಂದು ಮನೆಯಿಂದ ಪ್ಲೈವುಡ್ ಕೊಯ್ಯೋ ಸದ್ದು ಕೇಳುತ್ತೆ. ಹೊಸ ಮನೆ ಕಟ್ಟಿಸಿದವರು, ಹಳೇ ಮನೆ ರಿಪೇರಿ ಮಾಡಿಸುವವರು, ಕೆಳಗಿನ ಪೋರ್ಷನ್ನನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಡುವವರು, ಎಲ್ಲರ ಬಾಯಲ್ಲೂ ಒಂದೇ ಮಾತು: 'ಇಂಟೀರಿಯರ್ ಮಾಡಿಸ್ತಿದೀವಿ.' ಲಕ್ಷಗಟ್ಟಲೆ ದುಡ್ಡಿನ ಕೆಲಸ. ಎಷ್ಟೋ ಮನೆಗಳಲ್ಲಿ ಅದು ಚೀಟಿ ಎತ್ತಿದ ದುಡ್ಡು, ಇಲ್ಲವೇ ಬ್ಯಾಂಕಿನ ಸಾಲ.

ಆದರೆ ಇಂಟೀರಿಯರ್ ಅಂದ್ರೇನು ಅಂತ ಕೇಳಿದರೆ ಉತ್ತರ ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್, ಮಾಡ್ಯುಲರ್ ಕಿಚನ್ ಅನ್ನೋ ಮೂರು ಐಟಮ್ಮಿನಲ್ಲಿ ಮುಗಿದು ಹೋಗುತ್ತೆ. ನಿಜ ಹೇಳಬೇಕಂದ್ರೆ ಇವು ಕೊನೆಗೆ ಬರೋ ಸಾಮಾನು. ಒಳಾಂಗಣ ವಿನ್ಯಾಸ ಅನ್ನೋದು ಶುರುವಾಗೋದು ಇರುವ ಜಾಗದಿಂದ, ಅದಕ್ಕೆ ಬೀಳುವ ಬೆಳಕು ಗಾಳಿಯಿಂದ, ಅಲ್ಲಿ ದಿನಾ ಓಡಾಡೋ ಮನುಷ್ಯರ ಮೈ ಅಳತೆಯಿಂದ. ಇವು ಸರಿ ಹೋಗದೆ ಎಷ್ಟು ಮೈಕಾ ಅಂಟಿಸಿದರೂ ಹಗಲು ಹೊತ್ತಲ್ಲಿ ಲೈಟ್ ಹಾಕಿಕೊಂಡೇ ಕೂರಬೇಕಾಗುತ್ತೆ.

ಯಾರನ್ನ ಕರೆಸಬೇಕು?

ನಮ್ಮ ಕಡೆ ಕಾರ್ಪೆಂಟರ್, ಡೆಕೋರೇಟರ್, ಡಿಸೈನರ್, ಆರ್ಕಿಟೆಕ್ಟ್ ಎಲ್ಲರನ್ನೂ 'ಇಂಟೀರಿಯರ್‌ನೋರು' ಅಂತಲೇ ಕರೀತೀವಿ. ಕೆಲಸ ಮಾತ್ರ ಬೇರೆ ಬೇರೆ. ಬಣ್ಣ, ಪರದೆ, ಸೋಫಾ ಆರಿಸಿಕೊಡೋದು ಅಲಂಕಾರದ ಕೆಲಸ. ಯಾವ ಕೋಣೆ ಯಾವುದಕ್ಕೆ, ಬಾಗಿಲು ಯಾವ ಕಡೆ ತೆಗೀಬೇಕು, ಸ್ವಿಚ್ ಎಲ್ಲಿರಬೇಕು ಅಂತ ನಕ್ಷೆ ಮೇಲೆ ತೀರ್ಮಾನ ಮಾಡೋದು ವಿನ್ಯಾಸದ ಕೆಲಸ. ಗೋಡೆ, ಮೆಟ್ಟಿಲು, ಕಿಟಕಿಗೆ ಕೈ ಹಾಕೋ ಹಾಗಿದ್ರೆ ಅದು ಕಟ್ಟಡಶಾಸ್ತ್ರ ಗೊತ್ತಿದ್ದವರ ಕೆಲಸ. ಇಂಟೀರಿಯರ್ ಡಿಸೈನರ್ ಅಂತ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳೋಕೆ ಮಾತ್ರ 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು. ನೋಂದಣಿ ನಂಬರ್ ಕೇಳೋದರಲ್ಲಿ ಸಂಕೋಚ ಬೇಡ.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಹಾಲ್ ದೊಡ್ಡದಾಗಿ ಕಾಣಲಿ ಅಂತ ಹಾಲ್-ಅಡುಗೆಮನೆ ಮಧ್ಯದ ಗೋಡೆ ಒಡೆಸೋದು ಈಗ ಫ್ಯಾಷನ್ನು. ಪಿಲ್ಲರ್ ಹಾಕಿ ಕಟ್ಟಿದ ಹೊಸ ಮನೆಯಲ್ಲಿ ಮಧ್ಯದ ಗೋಡೆ ಸಾಮಾನ್ಯವಾಗಿ ಬರೀ ತಡಿಕೆ ಇದ್ದ ಹಾಗೆ, ಅದು ಹೋದರೂ ಮಾಳಿಗೆ ನಿಲ್ಲುತ್ತೆ. ಆದರೆ ಹಳೇ ರಾಜಾಜಿನಗರದಂಥ ಕಡೆ ಪಿಲ್ಲರ್ ಇಲ್ಲದೆ ಗೋಡೆ ಮೇಲೇ ಮಾಳಿಗೆ ಕೂರಿಸಿದ ಮನೆಗಳು ಇನ್ನೂ ಇವೆ. ಅಲ್ಲಿ ಆ ಗೋಡೆಯೇ ಭಾರ ಹೊತ್ತಿರುತ್ತೆ. ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ್ದರಂತೂ ಕೇಳೋದೇ ಬೇಡ. ಗೋಡೆ ದಪ್ಪ 9 ಇಂಚು ಇದ್ದರೆ, ಮೇಲಿನ ಮಹಡಿಯಲ್ಲೂ ಅದೇ ಸಾಲಿಗೆ ಗೋಡೆ ಇದ್ದರೆ, ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡೋವರೆಗೂ ಸುತ್ತಿಗೆ ಮುಟ್ಟಬೇಡಿ. ಮೇಸ್ತ್ರಿ 'ಏನೂ ಆಗಲ್ಲ ಸಾರ್' ಅಂದದ್ದು ಗ್ಯಾರಂಟಿ ಅಲ್ಲ.

ಬೆಳಕು ಎಲ್ಲಿಂದ ಬರಬೇಕು?

ನಮ್ಮ ಏರಿಯಾದ ದೊಡ್ಡ ಕಷ್ಟ ಇದೇ. 1945ರಲ್ಲಿ ಶುರುವಾದ ಸಿಐಟಿಬಿ, ಆಮೇಲೆ 1976ರಿಂದ ಬಿಡಿಎ ಹಂಚಿದ ಬಡಾವಣೆಗಳಲ್ಲಿ ಮೊದಮೊದಲು ಎದ್ದದ್ದು ಹೆಚ್ಚಾಗಿ ಒಂದೇ ಅಂತಸ್ತಿನ ಮನೆಗಳು. ಸುತ್ತ ಒಂದಿಷ್ಟು ಜಾಗ, ಒಂದು ತೆಂಗಿನಮರ, ಬಟ್ಟೆ ಒಣಗಿಸೋ ತಂತಿ. ಈಗ ಅದೇ 30-40 ಸೈಟಿನಲ್ಲಿ ಮೂರು, ನಾಲ್ಕು ಅಂತಸ್ತು. 20-30 ಸೈಟಿನಲ್ಲೂ ಹಾಗೇ. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ ಕೈಗೆ ಸಿಗುತ್ತೆ. ಕಿಟಕಿ ಇದೆ, ಬೆಳಕಿಲ್ಲ.

ಕೋಣೆಯ ನೆಲದ ವಿಸ್ತೀರ್ಣದಲ್ಲಿ ಹತ್ತರಲ್ಲೊಂದು ಪಾಲಾದರೂ ಕಿಟಕಿ ಇರಬೇಕು ಅನ್ನೋದು ಕಟ್ಟಡದವರ ಒಂದು ಸುಲಭ ಲೆಕ್ಕ. 10-12ರ ರೂಮು ಅಂದ್ರೆ 120 ಚದರಡಿ, ಅದಕ್ಕೆ 4 ಅಡಿ ಅಗಲ 3 ಅಡಿ ಎತ್ತರದ ಕಿಟಕಿ. ಅದೂ ಆಕಾಶ ಕಾಣೋ ಕಿಟಕಿಗೆ ಈ ಲೆಕ್ಕ. ಪಕ್ಕದ ಗೋಡೆ ನೋಡೋ ಕಿಟಕಿಗೆ ಇದು ಸಾಲದು. ಗಾಳಿಗೂ ಒಂದು ನಿಯಮ ಇದೆ, ಒಳಗೆ ಬಂದ ಗಾಳಿಗೆ ಹೊರಗೆ ಹೋಗೋ ದಾರಿ ಬೇಕು. ಒಂದೇ ಗೋಡೆಗೆ ಎರಡು ಕಿಟಕಿ ಇಡೋದಕ್ಕಿಂತ ಎದುರುಬದುರು ಒಂದೊಂದು ಇಟ್ಟರೆ ಗಾಳಿ ಆಡುತ್ತೆ.

ಪಕ್ಕದಿಂದ ಬೆಳಕು ಬರದೇ ಇದ್ದಾಗ ಮೇಲಿಂದ ತರಬೇಕು. ಇದೇನು ಫಾರಿನ್ ಐಡಿಯಾ ಅಲ್ಲ. ನಮ್ಮ ಅಜ್ಜ-ಅಜ್ಜಿಯರ ತೊಟ್ಟಿಮನೆಯಲ್ಲಿ ನಡುವಿನ ತೊಟ್ಟಿ, ಮಾಳಿಗೆಯ ಗವಾಕ್ಷಿ ಮಾಡ್ತಿದ್ದದ್ದು ಇದನ್ನೇ. ಮೆಟ್ಟಿಲಿನ ಮೇಲೆ ಗಾಜಿನ ಮಾಡು ಹಾಕಿ, ಬಿಸಿಗಾಳಿ ಹೋಗೋಕೆ ಅದರ ಪಕ್ಕದಲ್ಲಿ ಜಾಲರಿ ಬಿಟ್ಟರೆ ಮೂರು ಮಹಡಿಯ ನಡುಮನೆಗೂ ಒಂದಷ್ಟು ಬೆಳಕು ಇಳಿಯುತ್ತೆ. ಮನೆ ಕಟ್ಟುವಾಗ ಇದಕ್ಕೆ ತಗಲೋ ಖರ್ಚು ಕಮ್ಮಿ, ಕಟ್ಟಿದ ಮೇಲೆ ಮಾಳಿಗೆ ಕೊರೆಯೋಕೆ ಹೋದರೆ ತಲೆನೋವು.

ಬಿಸಿಲಿನ ಲೆಕ್ಕ ಬೇರೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರುತ್ತಾನೆ, ನೆರಳೇ ಬೀಳಲ್ಲ. ಅಂದ್ರೆ ಬೇಸಿಗೆಯಲ್ಲಿ ಹೆಚ್ಚು ಕಾಯೋದು ಗೋಡೆಗಿಂತ ಮಾಳಿಗೆ. ಮೇಲಿನ ಮನೆಯವರು ಸೆಖೆ ತಡೀಲಿಕ್ಕೆ ಅಂತ ಮೊದಲು ಫಾಲ್ಸ್ ಸೀಲಿಂಗ್‌ಗೆ ದುಡ್ಡು ಸುರೀತಾರೆ. ನನ್ನ ಕೇಳಿದರೆ ಮೊದಲು ಟೆರೇಸಿಗೆ ಬಿಸಿಲು ವಾಪಸ್ ಕಳಿಸೋ ಬಿಳಿ ಪೇಂಟ್ ಹೊಡೆಸಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ಕೋಣೆ ಎತ್ತರ ಕಡೇಪಕ್ಷ 2.75 ಮೀಟರ್, ಅಂದ್ರೆ ಸುಮಾರು 9 ಅಡಿ ಇರಬೇಕು. ಮಾಳಿಗೆ ಇರೋದೇ ಒಂಬತ್ತೂವರೆ ಅಡಿ ಆಗಿದ್ದು, ಅದರಲ್ಲಿ ಮುಕ್ಕಾಲು ಅಡಿ ಪಿಒಪಿ ತಿಂದರೆ ಫ್ಯಾನ್ ತಲೆ ಮೇಲೆ ಬಂದು ಕೂರುತ್ತೆ.

ವಾಸ್ತು ಕೇಳದೆ ನಮ್ಮಲ್ಲಿ ಯಾರೂ ಮುಂದೆ ಹೆಜ್ಜೆ ಇಡಲ್ಲ. ಅಡುಗೆಮನೆ ಆಗ್ನೇಯಕ್ಕೇ ಇರಲಿ, ತಕರಾರಿಲ್ಲ. ಆದರೆ ಆ ಮೂಲೆಯಲ್ಲಿ ಕಿಟಕಿ ಇಡೋಕೆ ಜಾಗ ಇದೆಯಾ ಅನ್ನೋದನ್ನೂ ಅದೇ ದಿನ ಕೇಳಿ.

ಅಡುಗೆ ಕಟ್ಟೆ ಯಾರ ಎತ್ತರಕ್ಕೆ?

ಮನೆಯಲ್ಲಿ ಅತಿ ಹೆಚ್ಚು ಕೆಲಸ ನಡೆಯೋ ಜಾಗ ಅಡುಗೆಮನೆ, ಅತಿ ಕಮ್ಮಿ ಯೋಚನೆ ಆಗೋದೂ ಅಲ್ಲೇ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕೆಲಸಗಾರರಿಗೆ ಕಟ್ಟುತ್ತಿದ್ದ ಮನೆಗಳಿಗಾಗಿ ಮಾರ್ಗರೆಟೆ ಷುಟ್ಟೆ-ಲಿಹೋಟ್ಸ್‌ಕಿ ಅನ್ನೋ ವಾಸ್ತುಶಿಲ್ಪಿ ಒಂದು ಅಡುಗೆಮನೆ ವಿನ್ಯಾಸ ಮಾಡಿದರು. ಅಗಲ ಸುಮಾರು 6 ಅಡಿ, ಉದ್ದ ಸುಮಾರು 11 ಅಡಿ. ನಮ್ಮ 20-30 ಸೈಟಿನ ಅಡುಗೆಮನೆಗಿಂತ ಬಹಳ ದೊಡ್ಡದೇನಲ್ಲ. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಮನೆಯಲ್ಲಿ ಹೇಗೆ ಕೆಲಸ ಆಗುತ್ತೆ ಅಂತ ನೋಡಿ, ಹೆಂಗಸರು ಎಷ್ಟು ಹೆಜ್ಜೆ ನಡೀತಾರೆ ಅಂತ ಲೆಕ್ಕ ಹಾಕಿ, ಕೈಗೆಟುಕೋ ಹಾಗೆ ಎಲ್ಲ ಜೋಡಿಸಿದರು. ಅಂಥವು ಸುಮಾರು 10,000 ಕಟ್ಟಿದರು. ಇವತ್ತು ಶೋರೂಮಿನಲ್ಲಿ ಮಾಡ್ಯುಲರ್ ಕಿಚನ್ ಅಂತ ಮಾರೋದರ ಮೂಲ ಇಲ್ಲಿದೆ.

ಆ ಲೆಕ್ಕ ನಮಗೆ ಹೇಗೆ ಒಗ್ಗುತ್ತೆ ನೋಡಿ. ಸಿಂಕು, ಒಲೆ, ಫ್ರಿಜ್ಜು ಈ ಮೂರರ ಮಧ್ಯೆಯೇ ಅಡುಗೆ ಮಾಡೋರು ದಿನವಿಡೀ ಓಡಾಡೋದು. ಫ್ರಿಜ್ ಹಾಲಲ್ಲಿ ಇಟ್ಟರೆ ಒಂದು ಮೊಸರಿಗೆ, ಒಂದು ಕೊತ್ತಂಬರಿಗೆ ಎದ್ದುಬಿದ್ದು ಓಡಬೇಕು. ಒಲೆ ಮತ್ತು ಸಿಂಕಿನ ಮಧ್ಯೆ ಕಡೇಪಕ್ಷ ಎರಡು ಅಡಿ ಖಾಲಿ ಕಟ್ಟೆ ಬಿಡಿ, ತರಕಾರಿ ಹೆಚ್ಚೋದು ಅಲ್ಲೇ. ಮಿಕ್ಸಿ, ಗ್ರೈಂಡರ್ ಖಾಯಂ ಎಲ್ಲಿರುತ್ತೆ ಅಂತ ಗೋಡೆ ಕೊರೆಯೋ ಮುಂಚೆಯೇ ಗುರುತು ಹಾಕಿ, ಅಲ್ಲೇ ಪ್ಲಗ್ ಪಾಯಿಂಟ್ ಬರಲಿ.

ಕಟ್ಟೆ ಎತ್ತರಕ್ಕೆ ಕ್ಯಾಟಲಾಗ್ ನೋಡಬೇಡಿ, ಅಡುಗೆ ಮಾಡೋರ ಮೊಣಕೈ ನೋಡಿ. ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ಅದು ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತೋ ಅದಕ್ಕಿಂತ 4ರಿಂದ 6 ಇಂಚು ಕೆಳಗೆ ಕಟ್ಟೆ ಇದ್ದರೆ ಭುಜ, ಸೊಂಟ ಎರಡೂ ಉಳಿಯುತ್ತೆ. 5 ಅಡಿ ಎತ್ತರದ ಅಮ್ಮನಿಗೆ ಇದು 32-33 ಇಂಚಿನ ಹತ್ತಿರ ಬರುತ್ತೆ. ರೆಡಿಮೇಡ್ ಸೆಟ್ಟುಗಳು ಸಾಮಾನ್ಯವಾಗಿ 34ರಿಂದ 36 ಇಂಚು. ಅದರ ಮೇಲೆ ಒಲೆ, ಒಲೆ ಮೇಲೆ ದೊಡ್ಡ ಪಾತ್ರೆ! ಸಾರು ಕುದೀತಿದೆಯಾ ಅಂತ ಬಗ್ಗಿ ನೋಡೋಕೂ ತುದಿಗಾಲಲ್ಲಿ ನಿಲ್ಲಬೇಕು. ವಿಚಿತ್ರ ಏನಂದ್ರೆ ಅಳತೆ ಕೊಡೋಕೆ ಡಿಸೈನರ್ ಮುಂದೆ ಕೂತಿರೋದು ಮನೆ ಯಜಮಾನರು, ಅವರು ಕಾಫಿಗೂ ಒಲೆ ಹಚ್ಚಿರಲ್ಲ.

ಮಿಕ್ಕ ಅಳತೆಗಳನ್ನ ಬೇಗ ಹೇಳಿ ಮುಗಿಸ್ತೀನಿ. ಓಡಾಡೋ ದಾರಿ 3 ಅಡಿ, ಮಂಚದ ಪಕ್ಕ 2 ಅಡಿ, ವಾರ್ಡ್‌ರೋಬ್ ಆಳ 2 ಅಡಿ. 5 ಅಡಿ ಅಗಲದ ಮಂಚ, 2 ಅಡಿ ವಾರ್ಡ್‌ರೋಬ್, ಅದರ ಬಾಗಿಲು ತೆಗೆಯೋಕೆ 2 ಅಡಿ ಎಲ್ಲ ಸೇರಿದರೆ 9 ಅಡಿ ಆಯ್ತು. ನಿಮ್ಮ ರೂಮು 10 ಅಡಿ ಇದ್ದರೆ ಮಂಚದ ಇನ್ನೊಂದು ಪಕ್ಕಕ್ಕೆ ಉಳಿಯೋದು ಒಂದೇ ಅಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎರಡು ದಿನ ಅದರೊಳಗೆ ಓಡಾಡಿ ನೋಡಿ. ತವರಿಂದ ಬಂದ ಕಬ್ಬಿಣದ ಬೀರು ಎಲ್ಲಿಡೋದು ಅನ್ನೋದೂ ಆಗಲೇ ತೀರ್ಮಾನ ಆಗಲಿ.

ಅಂಗಡಿಯವರಿಗೆ

'ಸ್ವಲ್ಪ ಹೊರಗೆ ಬೆಳಕಲ್ಲಿ ತೋರಿಸಿ' ಅಂತ ಗಿರಾಕಿ ಸೀರೆ ಹಿಡ್ಕೊಂಡು ಬಾಗಿಲಿಗೆ ಬಂದರೆ, ಸೀರೆ ಚೆನ್ನಾಗಿದೆ, ನಿಮ್ಮ ಲೈಟು ಚೆನ್ನಾಗಿಲ್ಲ ಅಂತ ಅರ್ಥ. ಬಲ್ಬಿನ ಡಬ್ಬಿ ಮೇಲೆ ಎರಡು ಸಂಖ್ಯೆ ನೋಡಿ. ಒಂದು ಕೆಲ್ವಿನ್: 3000 ಇದ್ದರೆ ಹಳದಿ ಬೆಳಕು, 4000 ಮಧ್ಯಮ, 6500 ಅಂದ್ರೆ ನೀಲಿ ಕಡೆಗೆ ವಾಲಿದ ಬಿಳಿ. ಇನ್ನೊಂದು ಸಿಆರ್‌ಐ, ಅಂದ್ರೆ ಆ ಬೆಳಕಲ್ಲಿ ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ, ನೂರಕ್ಕೆ. ಮನೆಗೆ 80 ಸಾಕು. ಬಟ್ಟೆ, ಹಣ್ಣು, ಕಾಸ್ಮೆಟಿಕ್ಸ್ ಮಾರೋರು 90 ಅಥವಾ ಮೇಲಿನದ್ದೇ ಕೇಳಿ ತಗೊಳ್ಳಿ. ಬೆಲೆ ಜಾಸ್ತಿ, ಆದರೆ ಬಣ್ಣ ಬೇರೆ ಅಂತ ಸೀರೆ ವಾಪಸ್ ಬರೋದು ಕಮ್ಮಿ ಆಗುತ್ತೆ.

2024ರ ಆಗಸ್ಟಿನಲ್ಲಿ ವಿಜಯನಗರದಲ್ಲಿ ಶುರುವಾದ ಶ್ರೀ ಕೃಷ್ಣದೇವರಾಯ ಪಾಲಿಕೆ ಬಜಾರ್‌ಗೆ ಒಂದು ಸಲ ಹೋಗಿ ಬನ್ನಿ, ಈ ಮಾತು ಚೆನ್ನಾಗಿ ಅರ್ಥ ಆಗುತ್ತೆ. ನೆಲದ ಕೆಳಗಿನ ಎಸಿ ಮಾರುಕಟ್ಟೆ ಅದು. ರಸ್ತೆ ಬದಿ ವ್ಯಾಪಾರಕ್ಕೆ ಸೂರ್ಯನ ಬೆಳಕು ಪುಕ್ಕಟೆ, ನೆಲದ ಕೆಳಗೆ ಬಣ್ಣ ತೋರಿಸೋ ಕೆಲಸ ಪೂರ್ತಿ ಬಲ್ಬಿನದ್ದು.

ಇನ್ನು ಒಳಗಿನ ಜೋಡಣೆ. 10-12ರ ಅಂಗಡಿಗೆ ಅಡ್ಡಲಾಗಿ ಕೌಂಟರ್ ಹಾಕಿದರೆ ಗಿರಾಕಿ ಬಾಗಿಲಲ್ಲೇ ನಿಂತು ಕೇಳಿದ್ದನ್ನ ಕೊಂಡು ಹೋಗ್ತಾರೆ. ದಿನಸಿ, ಮೆಡಿಕಲ್‌ಗೆ ಅದು ಸರಿ. ಫ್ಯಾನ್ಸಿ ಸ್ಟೋರ್, ಸ್ಟೇಷನರಿ ಆದರೆ ಗಿರಾಕಿ ಒಳಗೆ ಬಂದು ಮುಟ್ಟಿ ನೋಡಬೇಕು, ಅಲ್ಲಿ ಕೌಂಟರ್ ಪಕ್ಕಕ್ಕೆ ಸರಿಸಿ 3 ಅಡಿ ದಾರಿ ಬಿಡಿ. ನೆಲದಿಂದ ಎರಡೂವರೆ ಅಡಿಯಿಂದ 5 ಅಡಿವರೆಗಿನ ಶೆಲ್ಫೇ ಅಂಗಡಿಯ ಮುಖ್ಯ ಜಾಗ, ಕಣ್ಣಿಗೂ ಬೀಳುತ್ತೆ, ಕೈಗೂ ಸಿಗುತ್ತೆ. ಬೇಗ ಹೋಗೋ ಸಾಮಾನು, ಲಾಭ ಇರೋ ಸಾಮಾನು ಅಲ್ಲಿರಲಿ, ಸ್ಟಾಕು ಅಟ್ಟದ ಮೇಲೆ.

ಮೆಟ್ಟಿಲ ವಿಷಯ ಬಹಳ ಜನ ಮರೀತಾರೆ. ವೀಲ್‌ಚೇರ್ ಹತ್ತೋ ರ‍್ಯಾಂಪಿಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಫುಟ್‌ಪಾತ್ ಮೇಲೆ ಅದನ್ನ ಚಾಚೋ ಹಾಗಿಲ್ಲ. ಹಾಗಾಗಿ ಅಂಗಡಿ ನೆಲವನ್ನ ಸುಮ್ಮನೆ ಎತ್ತರಿಸಬೇಡಿ, ಮಳೆ ನೀರು ನುಗ್ಗದಷ್ಟು ಸಾಕು. ಮಂಡಿ ನೋವಿನ ಅಜ್ಜಿಯರು ಮೂರು ಮೆಟ್ಟಿಲು ನೋಡಿ ಪಕ್ಕದ ಅಂಗಡಿಗೆ ಹೋಗ್ತಾರೆ. ಬೋರ್ಡ್ ಮಾಡಿಸೋವಾಗ ಇನ್ನೊಂದು ನೆನಪಿರಲಿ: 2024ರ ತಿದ್ದುಪಡಿ ಪ್ರಕಾರ ಅದರ ಮೇಲೆ ಶೇ. 60ರಷ್ಟು ಕನ್ನಡ ಇರಲೇಬೇಕು.

ರೇಟಿನ ಲೆಕ್ಕ

ಇಷ್ಟೆಲ್ಲ ಆದ ಮೇಲೆ ಪ್ಲೈವುಡ್. ಹಾಳೆ 8-4, ಅಂದ್ರೆ 32 ಚದರಡಿ. ಐಎಸ್ 303 ಅಂತ ಇರೋದು ಸಾಮಾನ್ಯ ಬಳಕೆಯದ್ದು, ವಾರ್ಡ್‌ರೋಬ್, ಟಿವಿ ಯೂನಿಟ್‌ಗೆ ನಡೆಯುತ್ತೆ. ಐಎಸ್ 710 ಮರೈನ್ ದರ್ಜೆ, 72 ಗಂಟೆ ಕುದಿಯೋ ನೀರಲ್ಲಿ ಇಟ್ಟು ಪರೀಕ್ಷೆ ಮಾಡಿದ್ದು. ಸಿಂಕಿನ ಕೆಳಗೆ, ಬಾತ್‌ರೂಮಿನ ಪಕ್ಕದ ಗೋಡೆಗೆ ಇದೇ ಬೇಕು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ನೋಡೋಕೆ ನುಣುಪು, ಆದರೆ ನೀರು ಇಳಿದರೆ ನೆನೆದ ರಸ್ಕಿನ ಹಾಗೆ ಉಬ್ಬುತ್ತೆ. ಮಾತಲ್ಲಿ 710 ಅಂದು ಬೇರೆ ತಂದು ಹಾಕೋರೂ ಇದ್ದಾರೆ. ಹಾಳೆ ಕೊಯ್ಯೋ ಮುಂಚೆ ಐಎಸ್‌ಐ ಮುದ್ರೆ, ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.

ಚದರಡಿಗೆ ಇಷ್ಟು ಅಂದಾಗ ಯಾವ ಚದರಡಿ ಅಂತ ಕೇಳಿ. ಬಹುತೇಕರು ಮುಂಭಾಗದ ಅಳತೆ ಹಿಡೀತಾರೆ. 7 ಅಡಿ ಎತ್ತರ, 6 ಅಡಿ ಅಗಲದ ವಾರ್ಡ್‌ರೋಬ್ ಅಂದ್ರೆ 42 ಚದರಡಿ. ಚದರಡಿಗೆ 1,500 ಅಂದರೆ 63,000 ರೂಪಾಯಿ ಆಗುತ್ತೆ. ಆದರೆ ಮೇಲಿನ ಅಟ್ಟದ ಬಾಗಿಲು, ಒಳಗಿನ ಮೈಕಾ, ಹಿಂದಿನ ಹಲಗೆ, ಡ್ರಾಯರ್, ಚಾನೆಲ್, ಹಿಂಜು, ಜಿಎಸ್‌ಟಿ ಇದರೊಳಗಿದೆಯಾ, ಬೇರೆಯಾ? ಒಂದೊಂದನ್ನೂ ಹಾಳೆ ಮೇಲೆ ಬರೆಸಿ ಸಹಿ ಹಾಕಿಸಿ. ಅಡ್ವಾನ್ಸ್ ಕೆಲಸಕ್ಕೆ ತಕ್ಕ ಹಾಗೆ ಕಂತಿನಲ್ಲಿ ಹೋಗಲಿ. ಕೊನೇ ಕಂತು, ಎಲ್ಲ ಬಾಗಿಲನ್ನೂ ನೀವೇ ತೆಗೆದು ಹಾಕಿ ನೋಡಿದ ಮೇಲೆ.