ದೂರಿನಿಂದ ಶುರುವಾಗುವ ಸ್ತೋತ್ರ

ಬೆಂಗಳೂರಿನ ಬಸವನಗುಡಿ ಕಡೆ ಹುಟ್ಟುವ ವೃಷಭಾವತಿ ನಗರದ ಕೊಳೆಯನ್ನೆಲ್ಲ ಹೊತ್ತು ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ ಬರುತ್ತಾಳೆ. ನೊರೆಯೇಳುವ ಆ ನೀರಲ್ಲೇ ಸುತ್ತಲಿನವರ ಹಿಪ್ಪುನೇರಳೆ, ತೆಂಗು, ಮೇವಿನ ಹುಲ್ಲು ಬೆಳೆಯಬೇಕು. ಅಲ್ಲಿಂದ ಮುಂದಕ್ಕೆ ಅದೇ ನೀರು ಅರ್ಕಾವತಿಯನ್ನು ಸೇರಿ, ಕನಕಪುರ ತಾಲ್ಲೂಕಿನ ಹಾರೋಬೆಲೆ ಜಲಾಶಯದಲ್ಲಿ ನಿಂತು, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಜಲಾಶಯಕ್ಕೆ ಹೆಸರು ಕೊಟ್ಟ ಹಾರೋಬೆಲೆ ಬಹುಪಾಲು ಕಥೋಲಿಕ ಕ್ರೈಸ್ತರ ಊರು. ಮಾತು ಅಪ್ಪಟ ಕನಕಪುರ ಸೀಮೆಯ ಕನ್ನಡ.

ಹೊರಗಿನವರ ಬಾಯಲ್ಲಿ ಈ ಊರಿನ ಹೆಸರು ಓಡಾಡಿದ್ದು 2019ರ ಡಿಸೆಂಬರಿನಲ್ಲಿ. ಪಕ್ಕದ ಕಪಾಲಬೆಟ್ಟದ ಮೇಲೆ 114 ಅಡಿಯ ಯೇಸು ಪ್ರತಿಮೆಗೆ ಅಡಿಗಲ್ಲು ಬಿತ್ತು, ಮರುತಿಂಗಳು ಕನಕಪುರದಲ್ಲಿ ಪ್ರತಿಭಟನೆಯೂ ನಡೆಯಿತು. ಟಿ.ವಿ.ಯವರು ಬೆಟ್ಟವನ್ನು ಬೇಕಾದಷ್ಟು ತೋರಿಸಿದರು. ಊರೊಳಗಿನ ಹಾಡನ್ನು ಕೇಳಿಸಿಕೊಂಡವರು ಕಡಿಮೆ.

ಆ ಹಾಡು ಬಹಳ ಹಳೆಯದು. ಭಾನುವಾರದ ಬಲಿಪೂಜೆಯಲ್ಲಿ ಮೊದಲನೆಯ ವಾಚನ ಮುಗಿದ ಮೇಲೆ ಒಬ್ಬರು ಎದ್ದು ಬೈಬಲಿನ ಕೀರ್ತನೆಯ ನುಡಿಗಳನ್ನು ಹೇಳುತ್ತಾರೆ. ಪ್ರತಿ ನುಡಿಯ ಕೊನೆಗೆ ಜನರೆಲ್ಲ ಸೇರಿ ಒಂದೇ ಸಾಲನ್ನು ತಿರುಗಿಸಿ ಹೇಳುತ್ತಾರೆ. ಜೆರುಸಲೇಮಿನ ದೇವಾಲಯದಲ್ಲಿ ಎರಡೂವರೆ ಸಾವಿರ ವರ್ಷಗಳ ಹಿಂದೆ ಹೀಬ್ರೂ ಭಾಷೆಯಲ್ಲಿ ಹಾಡುತ್ತಿದ್ದ ಪದಗಳಿವು. ಅವು ಅರ್ಕಾವತಿ ದಂಡೆಯ ರಾಗಿ, ರೇಷ್ಮೆ ಬೆಳೆಗಾರರ ಬಾಯಿಗೆ ಕನ್ನಡವಾಗಿ ಬಂದದ್ದು ಎರಡು ಬೇರೆ ಬೇರೆ ದಾರಿಗಳಿಂದ. ಒಂದು ದಾರಿ ಶ್ರೀರಂಗಪಟ್ಟಣದಿಂದ ಹೊರಟಿತು, ಇನ್ನೊಂದು ಬಳ್ಳಾರಿಯಿಂದ.

ಶ್ರೀರಂಗಪಟ್ಟಣದ್ದು ಹಳೆಯದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಅಲ್ಲಿಗೆ ಬಂದು ಮೈಸೂರು ಮಿಷನ್ ಶುರುಮಾಡಿದ. ಕನ್ನಡ ಕಲಿತು ಕನ್ನಡದಲ್ಲೇ ಧರ್ಮಬೋಧೆಯ ಪುಸ್ತಕ ಬರೆದ. ಆದರೆ ಬೋಧೆ ಕನ್ನಡವಾದರೂ ಪೂಜೆ ಲ್ಯಾಟಿನ್ ಆಗಿಯೇ ಉಳಿಯಿತು. ಕೀರ್ತನೆಗಳು ಪಾದ್ರಿಗಳ ನಿತ್ಯಪಾಠದ ಪುಸ್ತಕದಲ್ಲಿದ್ದವು. ಅಕ್ಷರ ಕಲಿಯದ ಒಕ್ಕಲುಮಕ್ಕಳ ಕೈಗೆ ಬಂದದ್ದು ಜಪಸರ.

ಈ ಜಪಸರದ ಲೆಕ್ಕವೇ ಒಂದು ಕತೆ. ಮಧ್ಯಯುಗದ ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನು ಸರದಿಯ ಮೇಲೆ ಹೇಳಿ ಮುಗಿಸುತ್ತಿದ್ದರು. ಓದು ಬಾರದವರು ಅದರ ಬದಲಿಗೆ ಚಿಕ್ಕದೊಂದು ಪ್ರಾರ್ಥನೆಯನ್ನು 150 ಸಲ ಎಣಿಸುವ ರೂಢಿ ಬೆಳೆಯಿತು. ಹತ್ತರ ಹದಿನೈದು ಗುಂಪುಗಳಾಗಿ ಮಾತೆ ಮರಿಯಳ ಜಪ ನಿಂತದ್ದು ಹಾಗೆ; ಅದನ್ನು ಬಡವರ ಕೀರ್ತನೆ ಪುಸ್ತಕವೆಂದೇ ಕರೆಯುತ್ತಿದ್ದರು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಇನ್ನೂ ಐದು ಗುಂಪು ಸೇರಿಸುವ ತನಕ ಆ ಎಣಿಕೆ ಕದಲಲಿಲ್ಲ. ಅಂದರೆ ಕೀರ್ತನೆಗಳ ಒಂದು ಸಾಲೂ ಕನ್ನಡದಲ್ಲಿ ಕೇಳುವ ಮೊದಲೇ ಈ ಸೀಮೆಯ ಕಥೋಲಿಕ ಅಜ್ಜಿಯರ ಬೆರಳು ಅವುಗಳ ಸಂಖ್ಯೆಯನ್ನು ಎಣಿಸುತ್ತಿತ್ತು.

ಸಾಲುಗಳು ಬಂದದ್ದು ಬಳ್ಳಾರಿಯ ಕಡೆಯಿಂದ, ಅದೂ ಪ್ರಾಟೆಸ್ಟೆಂಟರ ಕೈಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಕನ್ನಡದಲ್ಲಿ ಅಚ್ಚಾದ ವ್ಯಾಕರಣವಿಲ್ಲ, ನಿಘಂಟಿಲ್ಲ. ವಿಲಿಯಂ ಕೇರಿಯ ಕರ್ನಾಟಕ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದೇ 1817ರಲ್ಲಿ. ಹ್ಯಾಂಡ್ಸ್‌ಗೆ ಜೊತೆಯಾದ ವಿಲಿಯಂ ರೀವ್ ಮುಂದೆ ತಾನೇ ನಿಘಂಟು ಕಟ್ಟಿದ. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು, ನಡುವೆ ನೂರೈವತ್ತು ಕೀರ್ತನೆಗಳೂ ಇದ್ದವು. ಓದಿದವರಿಗೆ ಆ ಕನ್ನಡ ಬಿಗಿಯೆನಿಸಿತು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮತ್ತಿತರರು ಕೂತು ತಿದ್ದಿದರು. ಬೆಂಗಳೂರಿನ ಬೆಂಜಮಿನ್ ರೈಸ್ ಕೂಡ ಪರಿಷ್ಕರಣೆಯಲ್ಲಿ ಕೈಜೋಡಿಸಿದ. ಶಾಸನಗಳ ಬಿ.ಎಲ್. ರೈಸ್ ಎಲ್ಲರಿಗೂ ಗೊತ್ತು. ಅವರ ತಂದೆ ಈತ. ಅವೆನ್ಯೂ ರಸ್ತೆಯ ಗದ್ದಲದಲ್ಲಿರುವ ರೈಸ್ ಸ್ಮಾರಕ ಚರ್ಚಿಗೆ ಈತನದೇ ಹೆಸರು.

ಕನ್ನಡದ ಪದ್ಯವೆಂದರೆ ಆಗ ಷಟ್ಪದಿ, ಆದಿಪ್ರಾಸ, ಮಾತ್ರೆಯ ಲೆಕ್ಕ. ಇವನ್ನೆಲ್ಲ ಬಿಟ್ಟು ಗದ್ಯದಲ್ಲಿ ಬಂದ ಕೀರ್ತನೆ ಹೇಗೆ ಹಾಡಾಯಿತು? ಉತ್ತರ ಹೀಬ್ರೂ ಕಾವ್ಯದ ಕಟ್ಟಿನಲ್ಲೇ ಇದೆ. 1753ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಲೌತ್ ಅದನ್ನು ಬಿಡಿಸಿ ತೋರಿಸಿದ. ಅಲ್ಲಿ ಮುಖ್ಯ ಹೊಂದಿಕೆ ಶಬ್ದದ್ದಲ್ಲ, ಅರ್ಥದ್ದು. ಮೊದಲ ಸಾಲು ಹೇಳಿದ್ದನ್ನು ಎರಡನೆಯ ಸಾಲು ಬೇರೆ ಮಾತಲ್ಲಿ ಹೇಳುತ್ತದೆ, ಇಲ್ಲವೇ ಎದುರಾಡುತ್ತದೆ, ಇಲ್ಲವೇ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳ ನಡಿಗೆ ಅದು. ಇಂಥ ಜೋಡಿ ಭಾಷಾಂತರದಲ್ಲಿ ಅಷ್ಟಾಗಿ ಮುರಿಯುವುದಿಲ್ಲ. ಪ್ರಾಸ ಛಂದಸ್ಸಿನ ಹಂಗಿಲ್ಲದೆಯೂ ಲಯ ಹಿಡಿಯುವುದು ವಚನಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಹೊಸದೂ ಆಗಿರಲಿಲ್ಲ. ಹಾಗಂತ ಛಂದಸ್ಸಿಗೆ ಕಟ್ಟುವ ಆಸೆ ಮಿಷನರಿಗಳಿಗೆ ಇರಲಿಲ್ಲವೆಂದಲ್ಲ: ನಿಘಂಟಿನ ಕಿಟ್ಟೆಲ್ 1862ರಲ್ಲಿ ಯೇಸುವಿನ ಬದುಕನ್ನೇ 'ಕಥಾಮಾಲೆ' ಎಂದು ದೇಸಿ ಪದ್ಯದಲ್ಲಿ ಹೆಣೆದರು.

ಕಟ್ಟಿನ ಮಾತು ಹಾಗಿರಲಿ, ಒಳಗಿನ ಸರಕು ಏನು? ಕೀರ್ತನೆ ಪುಸ್ತಕವೆಂದರೆ ಮೊದಲಿಂದ ಕೊನೆಯವರೆಗೆ ಹೊಗಳಿಕೆ ಎಂದುಕೊಂಡು ತೆರೆದವರು ಬೆಚ್ಚುತ್ತಾರೆ. ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಅಲ್ಲಿರುವುದು ದೂರು. ಕಾಯಿಲೆ, ಸುಳ್ಳು ಸಾಕ್ಷಿ, ಬೆನ್ನಿಗೆ ಇರಿದ ಗೆಳೆಯ, ಊರು ಸುಟ್ಟ ಶತ್ರು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿಯದವರು ಜೆರುಸಲೇಮನ್ನು ಕೆಡವಿ ಜನರನ್ನು ಗಡಿಪಾರು ಮಾಡಿದರು. 137ನೆಯ ಕೀರ್ತನೆಯಲ್ಲಿ ಆ ಜನ ಪರದೇಶದ ನೀರಿನ ದಂಡೆಯಲ್ಲಿ ಕೂತು ಹಾಡಲಾರೆವೆಂದು ಅಳುತ್ತಾರೆ. 13ನೆಯದು ಬರೀ ಆರು ವಚನದ್ದು. ಇನ್ನೆಷ್ಟು ಕಾಲ ಎಂದು ದೇವರನ್ನು ಅದು ಶುರುವಿನಲ್ಲೇ ನಾಲ್ಕು ಸಲ ಕೇಳುತ್ತದೆ. ಅದೇ ಕೀರ್ತನೆ ಮುಗಿಯುವುದು ಹಾಡುವೆನೆಂಬ ಮಾತಿನಿಂದ. ನಡುವೆ ಏನಾಯಿತು? ಕಷ್ಟ ಕಳೆಯಿತೆಂದು ಕವಿ ಎಲ್ಲೂ ಹೇಳುವುದಿಲ್ಲ. ದೂರು ಕೊಡಲು ಒಬ್ಬನಿದ್ದಾನೆ ಎಂಬಷ್ಟೇ ಅವನಿಗೆ ಸಿಕ್ಕ ಆಧಾರ, ಭರವಸೆ ಹುಟ್ಟುವುದು ಅಲ್ಲಿಂದ.

ದಾಸರ ಪದ ಕೇಳಿದ ಕನ್ನಡಿಗನಿಗೆ ಇದರ ರುಚಿ ಗೊತ್ತು. ವಿಠಲನನ್ನು ಹಂಗಿಸುವ, ಛೇಡಿಸುವ ನಿಂದಾಸ್ತುತಿ ನಮ್ಮಲ್ಲಿ ಭಕ್ತಿಯ ಒಂದು ಬಗೆಯೇ ಆಗಿದೆ. ಕೀರ್ತನೆಗಳ ಜಗಳಕ್ಕೆ ಅಂಥ ತುಂಟತನ ಕಡಿಮೆ, ಬಿಸಿ ಜಾಸ್ತಿ.

ಸ್ತುತಿಯ ಕೀರ್ತನೆಗಳದು ಬೇರೆ ಹದ. ಅವು ಹೊಗಳಿರಿ ಎಂದು ಕರೆದು ಸುಮ್ಮನಾಗುವುದಿಲ್ಲ, ಯಾಕೆ ಎಂಬುದನ್ನೂ ಕೂಡಲೇ ಹೇಳುತ್ತವೆ. ಎಲ್ಲಕ್ಕಿಂತ ಚಿಕ್ಕದಾದ 117ನೆಯದರಲ್ಲಿ ಎರಡೇ ವಚನ: ಒಂದರಲ್ಲಿ ಕರೆ, ಮತ್ತೊಂದರಲ್ಲಿ ಕಾರಣ. 136ನೆಯದು ಆ ಕಾರಣಗಳ ಉದ್ದನೆಯ ಪಟ್ಟಿ. 26 ವಚನ, ಪ್ರತಿಯೊಂದರ ಕೊನೆಗೂ ಅದೇ ಪಲ್ಲವಿ. ಆಕಾಶ, ನೆಲ, ಸೂರ್ಯ, ಚಂದ್ರ ಎಂದು ಹೊರಟು, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯ ಚರಿತ್ರೆ ಹೇಳಿ, ಕಟ್ಟಕಡೆಗೆ ಉಸಿರಾಡುವ ಎಲ್ಲಕ್ಕೂ ಉಣ್ಣಲು ಕೊಡುವವನು ಎಂಬಲ್ಲಿಗೆ ಬರುತ್ತದೆ. ಲೋಕದ ಸೃಷ್ಟಿಯೂ ದಿನದ ಅನ್ನವೂ ಒಂದೇ ಪಟ್ಟಿಯಲ್ಲಿ ಕೂತಿರುವುದು ಈ ಕವಿಗೆ ವಿಚಿತ್ರವಾಗಿ ಕಂಡಿಲ್ಲ. ಭಜನೆ ಮನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವುದನ್ನು ಕಂಡವರಿಗೆ ಇದನ್ನು ಹೇಗೆ ಹಾಡಬೇಕೆಂದು ಕಲಿಸಬೇಕಾಗಿಲ್ಲ.

ಹಾರೋಬೆಲೆಯಲ್ಲಿ ಈ ಎರಡೂ ದಾರಿಗಳು ಕೂಡಿದ್ದು ಇತ್ತೀಚೆಗೆ, ಅಂದರೆ ಅರವತ್ತು ವರ್ಷಗಳಿಂದೀಚೆಗೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. 1969ರ ಹೊಸ ಪೂಜಾಕ್ರಮ ಎರಡು ವಾಚನಗಳ ನಡುವೆ ಜನರೇ ಉತ್ತರಿಸುವ ಕೀರ್ತನೆಗೆ ಜಾಗ ಮಾಡಿಕೊಟ್ಟಿತು. ಮುಂದೆ ಬೈಬಲ್ ಸೊಸೈಟಿಯೂ ಕಥೋಲಿಕರೂ ಒಟ್ಟಾಗಿ ಆಡುಗನ್ನಡಕ್ಕೆ ಹತ್ತಿರದ ಅನುವಾದವನ್ನೇ ತಂದರು. ಬೆಂಗಳೂರು ಮಹಾಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಕನ್ನಡಕ್ಕೆ ಜಾಗ ಸಿಗಲು ಕನ್ನಡ ಕ್ರೈಸ್ತರು ದಶಕಗಳ ಕಾಲ ಬಡಿದಾಡಬೇಕಾಯಿತು, ಅದರ ಕತೆ ದೊಡ್ಡದು. ಮೊದಲಿಂದ ಕನ್ನಡವನ್ನೇ ಆಡುತ್ತ ಬಂದ ಹಾರೋಬೆಲೆಯಂಥ ಹಳ್ಳಿಗಳ ಕ್ರೈಸ್ತರು ಆ ಹೋರಾಟಕ್ಕೆ ಜೀವಂತ ಸಾಕ್ಷಿ.

ಕೀರ್ತನೆ ಅಲ್ಲಿ ಚರ್ಚಿನ ಗೋಡೆಯ ಒಳಗಷ್ಟೇ ಉಳಿದಿಲ್ಲ. ಯೇಸುವಿನ ಪೂಜ್ಯಪಾಡುಗಳ ನಾಟಕ ಆಡುವುದು ಹಾರೋಬೆಲೆಯವರ ಹಳೆಯ ಪರಂಪರೆ. ಶಿಲುಬೆಯ ಮೇಲೆ ಯೇಸು ಕೂಗುವ, ದೇವರು ಕೈಬಿಟ್ಟನೆಂಬ ಮಾತು 22ನೆಯ ಕೀರ್ತನೆಯ ಮೊದಲ ಸಾಲು. ಸುವಾರ್ತೆಗಳು ಅಲ್ಲಿಗೆ ನಿಲ್ಲಿಸುತ್ತವೆ. ಕೀರ್ತನೆ ಮಾತ್ರ ಮುಂದುವರಿದು, ನಡುವಿನಲ್ಲಿ ತಟ್ಟನೆ ತಿರುಗಿ, ಬಡವರು ಉಂಡು ತೃಪ್ತರಾಗುವ ಹಬ್ಬದಲ್ಲಿ ಮುಗಿಯುತ್ತದೆ.

ಹೀಗೆ ತಿರುಗದ ಕೀರ್ತನೆಯೂ ಒಂದಿದೆ. 88ನೆಯದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಪುಸ್ತಕ ಕೂಡಿಸಿದವರು ಅದನ್ನು ಕಿತ್ತುಹಾಕಲಿಲ್ಲ. ಕಥೋಲಿಕ ಗುರುಗಳು, ಕನ್ಯಾಸ್ತ್ರೀಯರು ಈಗಲೂ ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಅದನ್ನು ಹೇಳುತ್ತಾರೆ. ಶಾಪದ ಕೀರ್ತನೆಗಳಿಗೆ ಈ ಅದೃಷ್ಟ ಸಿಗಲಿಲ್ಲ. 58, 83, 109ನೆಯವನ್ನು ವ್ಯಾಟಿಕನ್ ಸುಧಾರಣೆಯ ನಂತರದ ನಿತ್ಯಪ್ರಾರ್ಥನೆಯ ಪುಸ್ತಕದಿಂದ ತೆಗೆದುಹಾಕಲಾಯಿತು. ಭಕ್ತರ ಬಾಯಲ್ಲಿ ಶಾಪ ಬೇಡವೆಂಬುದು ಕಾರಣ. ಒಪ್ಪುವ ಮಾತೇ, ಆದರೂ ನಷ್ಟವಿಲ್ಲದ್ದಲ್ಲ. ಬೈರಮಂಗಲದ ಕಡೆ ಟೌನ್‌ಶಿಪ್ ಯೋಜನೆಗೆ ಜಮೀನು ಹೋಗುತ್ತದೆಂದು ಧರಣಿ ಕೂತ ರೈತನಿಗೆ, ಅವನು ಯಾವ ದೇವರಿಗೇ ಕೈಮುಗಿಯಲಿ, 109ರ ಸಿಟ್ಟು ಅರ್ಥವಾದಷ್ಟು 23ರ ಹಸಿರು ಹುಲ್ಲುಗಾವಲು ಅರ್ಥವಾಗಲಿಕ್ಕಿಲ್ಲ.

ಸದ್ಯಕ್ಕೆ ಕನ್ನಡ ಗಾನವೃಂದಗಳ ತಲೆನೋವು ಬೇರೆಯದು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುವುದರಿಂದ ವಾರವಾರಕ್ಕೂ ಕೀರ್ತನೆ ಬದಲಾಗುತ್ತದೆ, ಪಲ್ಲವಿಯೂ ಬದಲಾಗುತ್ತದೆ. ಒಂದೊಂದಕ್ಕೂ ಧಾಟಿ ಹುಡುಕಬೇಕು, ಆ ಧಾಟಿ ಒಮ್ಮೆ ಕೇಳಿದ ಜನ ತಿರುಗಿಸಿ ಹಾಡುವಷ್ಟು ಸಲೀಸಾಗಿರಬೇಕು. ಹಾರ್ಮೋನಿಯಂ, ತಬಲ ಇರಲಿ ಎನ್ನುವವರೂ ಕೀಬೋರ್ಡ್ ಬೇಕು ಎನ್ನುವವರೂ ಒಂದೇ ವೃಂದದಲ್ಲಿರುತ್ತಾರೆ. ಹೊಂದಾಣಿಕೆ ಆಗದ ವಾರ ಒಬ್ಬರು ಸುಮ್ಮನೆ ಓದುತ್ತಾರೆ, ಉಳಿದವರು ಹೇಳುತ್ತಾರೆ.