ಕುಪ್ಪಳ್ಳಿಯ ದಾರಿ ಮತ್ತು ಹಣ್ಣಿನ ಪಾನಕ

ದಾರಿಹೋಕರ ಬಾಯಾರಿಕೆಯನ್ನು ತಣಿಸುವುದು ನಮ್ಮ ನಾಡಿನಲ್ಲಿ ಪೂರ್ವದಿಂದಲೂ ಧರ್ಮಕಾರ್ಯವೆನಿಸಿರುವುದಷ್ಟೆ. ಶ್ರೀರಾಮನವಮಿಯ ಪಾನಕವೂ ಬೇಸಗೆಯ ಅರವಟ್ಟಿಗೆಯೂ ಇದಕ್ಕೆ ಸಾಕ್ಷಿ. ಅರವಟ್ಟಿಗೆಗಳು ವಿರಳವಾಗಿರುವ ಈ ಕಾಲದಲ್ಲಿ ಆ ಕೆಲಸವು ಬಹುಮಟ್ಟಿಗೆ ದಾರಿಬದಿಯ ಹಣ್ಣಿನ ರಸದ ಅಂಗಡಿಯ ಪಾಲಿಗೆ ಬಂದಿದೆ. ಒಂದು ಮೇಜು, ನಾಲ್ಕು ಬಗೆಯ ಹಣ್ಣು, ಒಂದು ಮಿಕ್ಸಿ, ಮಂಜುಗಡ್ಡೆಯ ಪೆಟ್ಟಿಗೆ, ಇಷ್ಟರಿಂದಲೇ ಒಂದು ಬಡ ಸಂಸಾರವು ಜೀವನ ಸಾಗಿಸಬಹುದು. ಇಂತಹ ಅಲ್ಪ ವ್ಯಾಪಾರವನ್ನು ಕುರಿತು ಬರೆಯುವುದೇಕೆಂದು ಕೆಲವು ಮಹಾಶಯರು ಕೇಳಬಹುದು. ಕುಪ್ಪಳ್ಳಿಯಂತಹ ಸ್ಥಳದಲ್ಲಿ ಅದು ಅಲ್ಪವಲ್ಲವೆಂದೇ ನಮ್ಮ ಅಭಿಪ್ರಾಯ.

ತೀರ್ಥಹಳ್ಳಿ ತಾಲ್ಲೂಕಿನ ಈ ಚಿಕ್ಕ ಗ್ರಾಮವು ರಾಷ್ಟ್ರಕವಿ ಕುವೆಂಪು ಅವರು ಬೆಳೆದ ಊರು. ಅವರ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. 1994ರಲ್ಲಿ ಅವರ ಅಂತ್ಯಸಂಸ್ಕಾರವು ನಡೆದ ಕವಿಶೈಲವು ಮನೆಯ ಸಮೀಪದ ಗುಡ್ಡದ ಮೇಲಿದೆ. ಗುಡ್ಡವನ್ನೇರಿ ಇಳಿದು ಬಂದ ಯಾತ್ರಿಕನಿಗೆ ನಾವು ಏನನ್ನು ಕುಡಿಯಲು ಕೊಡಬೇಕು? ದೂರದ ಕಾರ್ಖಾನೆಯಿಂದ ಸೀಸೆಯಲ್ಲಿ ಬಂದ ಬಣ್ಣದ ಸಿಹಿನೀರನ್ನೆ? ಅಥವಾ ‘ಸ್ಮೂದಿ’, ‘ಕಾಕ್‌ಟೇಲ್’ ಎಂಬ ಹೊಸ ಹೆಸರುಗಳಿಗೆ ಮರುಳಾಗಿ, ಹಡಗಿನಲ್ಲಿ ಬಂದ ಕಿವಿ ಹಣ್ಣಿನ ರಸವನ್ನೆ?

ಮಲೆನಾಡಿಗೆ ಅಂತಹ ದಾರಿದ್ರ್ಯವೇನೂ ಬಂದಿಲ್ಲ. ಸಾಗರ, ಸೊರಬಗಳ ಕಡೆ ಅನಾನಸು ಬೆಳೆಯುತ್ತದೆ. ಹಿತ್ತಲುಗಳಲ್ಲಿ ನಿಂಬೆಯುಂಟು, ಬಾಳೆಯುಂಟು. ಎಲ್ಲಕ್ಕೂ ಮಿಗಿಲಾಗಿ, ಕರಾವಳಿಯವರು ಪುನರ್ಪುಳಿಯೆನ್ನುವ ಮುರುಗಲು ಪಶ್ಚಿಮಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವ ಫಲ. ಅದು ಹಣ್ಣಾಗುವುದು ಬೇಸಗೆಯ ಕೊನೆಯಲ್ಲಿ; ಮಳೆಗಾಲವು ಬಂದೊಡನೆ ಬಹುಭಾಗವು ಮರದಡಿಯಲ್ಲಿಯೇ ಕೊಳೆತುಹೋಗುತ್ತದೆ. ಸಕಾಲದಲ್ಲಿ ಆರಿಸಿ, ಸಿಪ್ಪೆಯನ್ನು ಒಣಗಿಸಿಟ್ಟರೆ, ಅಥವಾ ಸಕ್ಕರೆ ಬೆರೆಸಿ ಪಾಕಮಾಡಿಟ್ಟರೆ, ವರ್ಷವೆಲ್ಲ ಕೆಂಪನೆಯ ತಂಪು ಪಾನಕ ದೊರೆಯುವುದು. ಆರಿಸುವವರಿಗೂ ಒಣಗಿಸುವವರಿಗೂ ಮಾರುವವರಿಗೂ ನಾಲ್ಕು ಕಾಸು ಸಿಕ್ಕುವುದು. ಸೀಸೆಯ ನೀರಿಗೆ ತೆತ್ತ ಹಣದ ಬಹುಪಾಲು ಊರನ್ನು ಬಿಟ್ಟು ಹೋಗುತ್ತದೆ. ಮುರುಗಲಿಗೆ ತೆತ್ತದ್ದು ಊರಿನಲ್ಲಿಯೇ ಉಳಿಯುತ್ತದೆ. ಸ್ವದೇಶಿಯ ತತ್ತ್ವವನ್ನು ಇದಕ್ಕಿಂತ ಸುಲಭವಾಗಿ ತಿಳಿಸುವುದು ಹೇಗೆ?

ಆದರೆ ಸ್ವದೇಶಿಯೆಂಬ ಮಾತ್ರಕ್ಕೆ ಅಶುಚಿಯು ಕ್ಷಮ್ಯವಾಗದು. ಮೀನು ಕೆಡದಂತೆ ಇಡುವ ಮಂಜುಗಡ್ಡೆಯನ್ನು ಲೋಟಕ್ಕೆ ಹಾಕಕೂಡದು. ಕುದಿಸಿ ಆರಿಸಿದ ನೀರು, ಮುಚ್ಚಿಟ್ಟ ಹಣ್ಣು, ತೊಳೆದ ಲೋಟ, ಇವು ಗಿರಾಕಿಯ ಹಕ್ಕು. 2006ರ ಆಹಾರ ಸುರಕ್ಷಾ ಕಾಯಿದೆಯ ಮೇರೆಗೆ ಸಣ್ಣ ಮಾರಾಟಗಾರರೂ ನೋಂದಣಿ ಮಾಡಿಸತಕ್ಕದ್ದು. ಪ್ಲಾಸ್ಟಿಕ್ಕಿನ ಲೋಟ, ಹೀರುಗೊಳವೆಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿವೆ. ಅವಿಲ್ಲದೆ ವ್ಯಾಪಾರವೇ ನಡೆಯದೆನ್ನುವವರು ಬೆಂಗಳೂರಿನ ಮಲ್ಲೇಶ್ವರದ ಕಡೆ ನೋಡಲಿ. ಅಲ್ಲಿನ ‘ಈಟ್ ರಾಜಾ’ ಎಂಬ ಅಂಗಡಿಯು ಹಣ್ಣಿನ ತೊಗಟೆಯನ್ನೇ ಬಟ್ಟಲಾಗಿ ಮಾಡಿ ರಸವನ್ನು ಕೊಟ್ಟು ಹೆಸರಾಗಿದೆ.

ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಸೌಂದರ್ಯದ ನೆಪದಿಂದ ಬಡ ವ್ಯಾಪಾರಿಯನ್ನು ಓಡಿಸುವುದು ಸುಲಭ. ಕಂಡೂ ಕಾಣದಂತೆ ಇದ್ದು ಕವಿಶೈಲದ ದಾರಿಯಲ್ಲಿ ಕಸ ಬೀಳಗೊಡುವುದು ಇನ್ನೂ ಸುಲಭ. ಎರಡೂ ಆಡಳಿತವೆನಿಸದು. ಗ್ರಾಮ ಪಂಚಾಯತಿಯು ಸ್ಮಾರಕದಿಂದ ತಕ್ಕಷ್ಟು ದೂರದಲ್ಲಿ ಒಂದು ಜಾಗವನ್ನೂ ಒಳ್ಳೆಯ ನೀರನ್ನೂ ಒದಗಿಸಿ, ಊರಿನ ಸ್ತ್ರೀಶಕ್ತಿ ಸಂಘಗಳಿಗೆ ಮೊದಲ ಅವಕಾಶವನ್ನು ಕೊಡಲಿ. ಯಾತ್ರಿಕರಾದ ವಾಚಕರೂ ಸೀಸೆಯನ್ನು ಬಿಟ್ಟು ಮುರುಗಲ ಪಾನಕವನ್ನೇ ಕೇಳಲಿ. ಕೇಳುವವರಿದ್ದರೆ ಮಾಡುವವರು ಹುಟ್ಟಿಕೊಳ್ಳುವರು.